ಸೇತುವೆಯ ಆಚೆ ಪಿಂಟು

ಸರಸ,

ನೀನು ಹೋಗಿ ಇಂದಿಗೆ ನಲವತ್ತೊಂದು ದಿನ. ನಿನ್ನ ಪಿಂಟು ನಮ್ಮ ಹಾಲಾಡಿ ಹೋಟೆಲಿನ ಬಾಗಿಲಲ್ಲಿ ನಿನ್ನ ದಾರಿ ಕಾಯುತ್ತ ಮಲಗಿ, ಒಳಗೆ ಬರುವವರಿಗೆಲ್ಲ ಗುರ್ ಎನ್ನುತ್ತಿತ್ತು. ಇಪ್ಪತ್ತು ವರ್ಷ ನಾನು ಮಾತಾಡಿ ಮಾತಾಡಿ ಕೂಡಿಸಿದ ಗಿರಾಕಿಗಳನ್ನು ಒಂದೇ ತಿಂಗಳಲ್ಲಿ ಓಡಿಸಿತು. ಹೊಳೆ ದಾಟಿಸಿ ಬಿಟ್ಟರೆ ನಾಯಿ ತಿರುಗಿ ಬರುವುದಿಲ್ಲ ಎನ್ನುತ್ತಾರಲ್ಲ, ಇವತ್ತು ಬೆಳಿಗ್ಗೆ ಕಾರಿನ ಬಾಗಿಲು ತೆಗೆದೆ.

ಭಾನುವಾರ ನೀನು ಸ್ಕೂಟರಿನಲ್ಲಿ ಸುತ್ತಿಸುತ್ತಿದ್ದದ್ದು ನೆನಪಾಯಿತೋ ಏನೋ, ಹಾರಿ ಮುಂದಿನ ಸೀಟಿನಲ್ಲಿ ಕೂತಿತು. ದಾರಿಯುದ್ದಕ್ಕೂ ಮೂತಿ ಕಿಟಕಿಯ ಹೊರಗೆ. ನೀನು ಎಷ್ಟು ಕರೆದರೂ ನಾನು ಒಂದು ಭಾನುವಾರವೂ ಜೊತೆಗೆ ಬಂದವನಲ್ಲ. ಇದು ನನ್ನ ಮತ್ತು ಪಿಂಟುವಿನ ಮೊದಲ ತಿರುಗಾಟ.

ಬಾರ್ಕೂರಿನ ಸೇತುವೆ ದಾಟಿ ಒಂದು ಅಂಗಡಿಯೆದುರು ಇಳಿಸಿದೆ. "ಇಲ್ಲೇ ಕೂಕೋ, ಈಗ ಬತ್ತೆ" ಎಂದೆ. ಕೂತಿತು. ಬೊಗಳುತ್ತ ಹಿಂದೆ ಓಡಿ ಬಂದಿದ್ದರೆ ಕಾರು ಇನ್ನೂ ಜೋರಾಗಿ ಬಿಡುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ ಕೂತೇ ಇತ್ತು.

ಹನ್ನೊಂದು ಕಿಲೋಮೀಟರ್ ಬಂದವನು ಕಾರು ತಿರುಗಿಸಿದೆ. ಅಂಗಡಿಯ ಹೆಂಗಸು ಬೈದಳು: "ಹ್ವಾಯ್, ಎಂತ ಜನ ಮಾರಾಯ್ರೆ ನೀವ್? ಬಿಸ್ಕಿಟ್ ಹಾಕಿರೂ ಎದ್ದ್ ಬರ್ಲಿಲ್ಲ ಅದ್. ನಿಮ್ಮ್ ಮಾತ್ ನಂಬ್ಕಂಡ್ ಕೂತಿತ್!"

ಪಿಂಟು ಬಾಲ ಆಡಿಸಿತು.

ಆಸ್ಪತ್ರೆಯಲ್ಲಿ ನಿನಗೂ "ಈಗ ಬತ್ತೆ" ಎಂದೇ ಹೇಳಿ ಹೋಟೆಲಿಗೆ ಬಂದಿದ್ದೆ, ಮಧ್ಯಾಹ್ನದ ಊಟದ ಹೊತ್ತು ಮುಗಿಸಿ ಹೋದರಾಯಿತು ಎಂದು. ನೀನು ಕೊನೆಯವರೆಗೂ ಬಾಗಿಲ ಕಡೆಗೇ ತಿರುಗಿ ಮಲಗಿದ್ದೆ ಎಂದು ಆಮೇಲೆ ನರ್ಸ್ ಹೇಳಿದಳು.