ನಾಲ್ಕನೆಯ ಡೋಲು

ಸೆಲ್ಮಾ, ಅಲಬಾಮಾ
ಅಕ್ಟೋಬರ್ 14

ಬ್ಯಾಂಡಿನ ನಿರ್ದೇಶಕರಾದ ಶ್ರೀ ಲ್ಯಾಂಗ್‌ಹಾರ್ನ್ ಅವರಿಗೆ,

ನಿಮ್ಮ ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ನಾಲ್ಕನೆಯ ದೊಡ್ಡ ಡೋಲು ಬಾರಿಸುವ ಕೆಯಾನಾಳ ಅಜ್ಜಿ ನಾನು. ಶಿಫಾರಸಿಗಾಗಿ ಬರೆಯುತ್ತಿಲ್ಲ. ನಮ್ಮ ಮನೆತನದಲ್ಲಿ ಯಾರೂ ಅದನ್ನು ಕೇಳಿದವರಲ್ಲ.

ಕಳೆದ ಫುಟ್‌ಬಾಲ್ ಪಂದ್ಯದಲ್ಲಿ ನಿಮ್ಮ ಬ್ಯಾಂಡು ಬಾರಿಸುವಾಗ ಮೂರನೆಯ ಡೋಲಿನ ಹುಡುಗನ ಕೋಲು ಜಾರಿದಾಗ ಅವನ ಪೆಟ್ಟನ್ನೂ ಇವಳೇ ಬಾರಿಸಿದ್ದು ತಪ್ಪು. ಸಾಲಿನ ಐದು ಡೋಲಿನವರೂ ಸರದಿಯಂತೆ ತಂತಮ್ಮ ಪೆಟ್ಟನ್ನಷ್ಟೇ ಬಾರಿಸಬೇಕು, ಒಬ್ಬರದು ತಪ್ಪಿದರೆ ಆ ಜಾಗ ಖಾಲಿಯೇ ಇರಬೇಕು. ನಿಮ್ಮ ನಿಯಮ ನನಗೆ ಗೊತ್ತು. ಆ ತಪ್ಪನ್ನು ಕಲಿಸಿದವಳು ನಾನು. ಬೇಸಿಗೆಯಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ಒಂದು ಪೆಟ್ಟು ಹೊಡೆದು, ಉಳಿದ ನಾಲ್ವರಿಗಾಗಿ ಸುಮ್ಮನಿದ್ದು, ಮತ್ತೆ ಹೊಡೆಯುತ್ತಿದ್ದಳು. ಅವಳ ತಾತ ತೀರಿಕೊಂಡ ಮೇಲೆ ಈ ಮನೆಯಲ್ಲಿ ಮೌನಕ್ಕೆ ಕೊರತೆಯಿಲ್ಲ. "ಅದೇನೇ ನಡುನಡುವೆ ಸತ್ತ ಹಾಗೆ ನಿಲ್ಲೋದು? ಐದೂ ನೀನೇ ಬಾರಿಸು!" ಎಂದು ಗದರಿದೆ. ಬಾರಿಸಿದಳು.

ಪಂದ್ಯದ ಮರುದಿನ ಡೋಲಿನವರು, "ದಾರಿ ಬಿಡ್ರೋ, ಐದು ಡೋಲಿನ ಮಹಾರಾಣಿ ಬಂದ್ರು!" ಎಂದರಂತೆ. ಆಮೇಲೆ ಅದೂ ಇಲ್ಲ, ಯಾರೂ ಮಾತಾಡಿಸುತ್ತಿಲ್ಲ. "ಬೈದ್ರೂ ಪರವಾಗಿಲ್ಲ ಅಜ್ಜಿ, ಬಸ್ಸಲ್ಲಿ ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಸಾಕು. ಇಲ್ಲಾಂದ್ರೆ ಬ್ಯಾಂಡ್ ಬಿಟ್ಟು ಮನೆಗೆ ಬಂದ್ಬಿಡ್ತೀನಿ" ಎನ್ನುತ್ತಾಳೆ.

ಅವಳು ಬಂದರೆ ನನಗೆ ಸಂತೋಷವೇ. ಅದಕ್ಕೇ ಬರಬೇಡವೆಂದು ಹೇಳಿದ್ದೇನೆ.

ಬೇಕಿದ್ದರೆ ಶಿಕ್ಷೆಗೆಂದು ಅವಳನ್ನು ಮೈದಾನ ಸುತ್ತಿಸಿ. ಆದರೆ ಮುಂದಿನ ಪಂದ್ಯಕ್ಕೆ ಹೊರಡುವಾಗ ಬಸ್ಸಿನಲ್ಲಿ ಆ ಮೂರನೆಯ ಡೋಲಿನ ಹುಡುಗನನ್ನು ಅವಳ ಪಕ್ಕದಲ್ಲಿ ಕೂರಿಸಿ. ಮಾತಾಡೆಂದು ಹೇಳುವುದು ಬೇಡ. ಮೂರು ಗಂಟೆಯ ದಾರಿಯಲ್ಲಿ ಎಂಥವರೂ ಬಾಯಿ ಬಿಡುತ್ತಾರೆ.

ಈ ಪತ್ರದ ವಿಷಯ ಅವಳಿಗೆ ತಿಳಿಯಕೂಡದು. ನೀವು ಉತ್ತರ ಬರೆಯಬೇಕಾಗಿಲ್ಲ. ಬರೆದರೆ ಓದುತ್ತೇನೆ.

ಇಂತು,
ಶ್ರೀಮತಿ ಅರ್ನೆಸ್ಟೀನ್ ಟೊಲಿವರ್