ಎರಡನೇ ಕಪಾಟು ಓಗೊಡದ ದಿನ

ನದಿ ಕಚೇರಿ, ಲೆಕ್ಕದ ಕೋಣೆ
ಆಗಸ್ಟ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ ಹೊಟ್ಟೆನೋವು ಎಂದು ಹೇಳಿ ವಾಪಸು ಕಳಿಸುತ್ತಿದ್ದೀರಂತೆ. ನಾದಿನಿ ದೂರು ಕೊಟ್ಟಿದ್ದಾಳೆ. ಅಷ್ಟು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು ನೀವು, ಹೊಟ್ಟೆನೋವಿನ ನೆಪ ನಿಮಗೇನು ಹೊಸದೇ? ಆ ಹುಡುಗಿಯ ಮಾತು ಸ್ವಲ್ಪ ಕೇಳಿ. ಮಂಡಿ ಬಗ್ಗದಿದ್ದರೆ ಮೆಟ್ಟಿಲು ಹತ್ತಲಾಗುವುದಿಲ್ಲ, ನಾದಿನಿಯ ಮನೆಯಿಂದ ಇಲ್ಲಿಗೆ ವಾಪಸು ಬಂದ ಮೇಲೆ ಕೆಲವು ತಿಂಗಳು ನೀವು ಮಹಡಿಯಲ್ಲೇ ಇರಬೇಕಾಗುತ್ತದೆ. ನಿದ್ದೆ ಬರುತ್ತಿದೆಯೇ? ಔಷಧಿ ತೆಗೆದುಕೊಂಡ ಮೇಲೆ ತಲೆ ಸುತ್ತುವುದು ಕಡಿಮೆಯಾಯಿತೇ?

ಮಹಡಿ ಯಾಕೆಂದು ಕೇಳುತ್ತೀರಿ. "ಬೀದಿಗೆ ಸ್ವಲ್ಪ ನೀರು ಬಂದಿತ್ತು, ಈಗ ಇಳಿದಿದೆ" ಎಂದು ನಿಮ್ಮ ಮಗ ಫೋನಿನಲ್ಲಿ ಹೇಳಿದರಲ್ಲ, ಆ ಸ್ವಲ್ಪ ನಿಮ್ಮ ಕೋಣೆಯ ಕಿಟಕಿಯವರೆಗೆ ಬಂದಿತ್ತು. ಹಾಸಿಗೆ ಹೋಯಿತು, ಮರದ ಕಪಾಟಿನ ಕೆಳಗಿನ ಎರಡು ಅರೆಗಳ ಪುಸ್ತಕ ಹೋಯಿತು. ಗೋಡೆಗೆ ತೂಗುಹಾಕಿದ ಮಾವನವರ ಫೋಟೋಗೆ ಏನೂ ಆಗಿಲ್ಲ. ಕೆಸರು ಬಳಿದು ಹಾಕಿದ್ದೇವೆ, ವಾಸನೆ ಮಾತ್ರ ಹೋಗಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಅಳಿಯಂದಿರು ಇವತ್ತು ಮನೆ ನೋಡಲು ಬಂದಿದ್ದಾರೆ, ಹೊರಡುವಾಗ ಕಚೇರಿಯ ಹತ್ತಿರ ಕಾರು ನಿಲ್ಲಿಸಿ ಕಾಗದ ಒಯ್ಯುತ್ತೇನೆ ಎಂದಿದ್ದಾರೆ. ಅದಕ್ಕೇ ಗೀಚುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡಿ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಗುರುವಾರ ಬೆಳಗಾಗುವಾಗಲೇ ಬೆಟ್ಟದ ಕಡೆ ಮಳೆ ಕೈಮೀರಿತ್ತು. ಇವರು ಅಣೆಕಟ್ಟಿನ ಮೇಲೆ, ಗೇಟುಗಳ ಹತ್ತಿರ. ನಾನು ಇಲ್ಲಿ. ಗೇಟು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ತಡವಾದರೆ ಕಟ್ಟೆಗೇ ಅಪಾಯ, ಅವಸರಪಟ್ಟರೆ ಕೆಳಗಿನ ಬೀದಿ, ಅಂದರೆ ನಮ್ಮದೇ ಬೀದಿ, ಮುಳುಗುತ್ತದೆ. "ನೀನು ಆ ತಣ್ಣನೆ ಕೋಣೆಯಲ್ಲಿ ಕೂತು ಅದೇನು ಮಾಡ್ತೀಯೇ?" ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ, ನಾನು ಪ್ರತಿ ಸಲವೂ ನಕ್ಕು ಜಾರಿಕೊಂಡಿದ್ದೇನೆ. ಈಗ ಹೇಳುತ್ತೇನೆ. ಇಷ್ಟು ದೊಡ್ಡ ನದಿಯ ಲೆಕ್ಕವನ್ನು ಒಂದೇ ಕಂಪ್ಯೂಟರಿಗೆ ಕೊಟ್ಟರೆ ಉತ್ತರ ಬರುವಷ್ಟರಲ್ಲಿ ನದಿಯೇ ಇಳಿದಿರುತ್ತದೆ. ಅದಕ್ಕೆ ನದಿಯನ್ನು ತುಂಡುತುಂಡಾಗಿ ಹಂಚಿ, ಒಂದೊಂದು ತುಂಡನ್ನು ಒಂದೊಂದು ಯಂತ್ರಕ್ಕೆ ಕೊಡುತ್ತೇವೆ. ಈ ಯಂತ್ರಗಳು ಇಲ್ಲಿ ಎರಡು ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ಕೂತಿವೆ. ಎಲ್ಲವೂ ಒಟ್ಟಿಗೇ ಲೆಕ್ಕ ಹಾಕುತ್ತವೆ. ಆದರೆ ಮೇಲಿನ ತುಂಡಿನಿಂದ ಎಷ್ಟು ನೀರು ಹೊರಬಿತ್ತೆಂದು ತಿಳಿಯದೆ ಕೆಳಗಿನ ತುಂಡು ಮುಂದಕ್ಕೆ ಹೋಗುವಂತಿಲ್ಲ. ಹಾಗಾಗಿ ಹೆಜ್ಜೆಹೆಜ್ಜೆಗೂ ಅಕ್ಕಪಕ್ಕದ ಯಂತ್ರಗಳು ಒಂದಕ್ಕೊಂದು ಅಂಕಿ ದಾಟಿಸುತ್ತಿರಬೇಕು. ಒಂದು ಬಾಯಿ ಬಿಡದಿದ್ದರೂ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ.

ಗುರುವಾರ ಆದದ್ದು ಅದೇ. ಲೆಕ್ಕ ಶುರು ಮಾಡಿದೆ, ಯಂತ್ರಗಳು ಎದ್ದವು, ಫ್ಯಾನುಗಳು ಸದ್ದು ಮಾಡಿದವು, ಮೊದಲ ಹೆಜ್ಜೆಯಲ್ಲೇ ಎಲ್ಲ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಒಂದೇ ಸಾಲು: ಸಂಪರ್ಕ ಸಿಗಲಿಲ್ಲ, ಕಾಯುವ ಸಮಯ ಮುಗಿದಿದೆ. ನೆಟ್‌ವರ್ಕ್ ನೋಡಿಕೊಳ್ಳುವ ನಮ್ಮ ಆಯ್ತಪ್ಪನನ್ನು ಕರೆದೆ. ಏನು ಕೇಳಿದರೂ "ಆಯ್ತು ಮೇಡಂ, ಆಯ್ತು" ಎನ್ನುವುದರಿಂದ ಅವನಿಗೆ ಆ ಹೆಸರು ಬಿದ್ದಿದೆ, ನಿಜವಾದ ಹೆಸರು ಸಂಬಳದ ವಿಭಾಗದವರಿಗೆ ಮಾತ್ರ ಗೊತ್ತು. ಅವನು ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದ. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದೆವು. ಹೊರಗಿನವರು ನುಗ್ಗದಂತೆ ಹಾಕಿರುವ ಫೈರ್‌ವಾಲ್ ತಡೆಯುತ್ತಿದೆಯೇನೋ ಎಂದು ಅದನ್ನೂ ಒಂದು ಗಳಿಗೆ ತೆಗೆದು ನೋಡಿದೆವು. ಉಹೂಂ. ತಮಾಷೆ ಏನೆಂದರೆ, ಒಂದು ಯಂತ್ರದಿಂದ ಇನ್ನೊಂದನ್ನು ಹೆಸರು ಹಿಡಿದು ಕೂಗಿದರೆ ತಕ್ಷಣ ಓಗೊಡುತ್ತಿತ್ತು. ಲೆಕ್ಕಕ್ಕೆ ಕೂರಿಸಿದರೆ ಮಾತ್ರ ಕಿವುಡು. ಮನುಷ್ಯರಾಗಿದ್ದರೆ ಕಿವಿ ಹಿಂಡಬಹುದಿತ್ತು.

ಅಷ್ಟರಲ್ಲಿ ಇವರ ಫೋನು. ಕಚೇರಿಯ ಲೈನು ಬೆಳಗ್ಗೆಯೇ ಸತ್ತಿತ್ತು, ಸ್ವಂತ ಮೊಬೈಲಿನಿಂದ ಮಾಡಿದ್ದರು.

"ಎಲ್ಲಿಗೆ ಬಂತು?" ಎಂದರು.

"ಎಲ್ಲಿಗೂ ಬಂದಿಲ್ಲ. ಯಂತ್ರಗಳು ಒಂದಕ್ಕೊಂದು ಮಾತಾಡ್ತಾ ಇಲ್ಲ" ಎಂದೆ.

"ಇಲ್ಲಿ ನೀರು ಏರ್ತಾನೇ ಇದೆ ಕಣೇ. ನಂಗೊಂದು ಅಂಕಿ ಬೇಕು. ಅರ್ಧಂಬರ್ಧ ಆದ್ರೂ ಪರವಾಗಿಲ್ಲ."

ಅರ್ಧಂಬರ್ಧವನ್ನೇ ಮಾಡಿದೆ, ಅತ್ತೆ. ಮೊದಲನೇ ಕಪಾಟಿನ ಯಂತ್ರಗಳು ತಮ್ಮತಮ್ಮಲ್ಲಿ ಸರಿಯಾಗಿಯೇ ಇದ್ದವು. ಅವಷ್ಟರಲ್ಲೇ ಮುಗಿಯುವಂತೆ ನದಿಯನ್ನು ದೊಡ್ಡ ದೊಡ್ಡ ತುಂಡು ಮಾಡಿ ಒರಟಾಗಿ ಲೆಕ್ಕ ಹಾಕಿದೆ. ಹಾಗೆ ಮಾಡಿದರೆ ಕಟ್ಟೆಯ ಕೆಳಗೆ ಪಕ್ಕದಿಂದ ಬಂದು ಸೇರುವ ಹಳ್ಳದ ನೀರು ಯಾವ ಹೊತ್ತಿಗೆ ಎಷ್ಟು ಎನ್ನುವುದು ಸ್ಪಷ್ಟವಾಗಿ ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಹೇಳಿದೆ. "ಇದು ಒರಟು ಲೆಕ್ಕ, ಹಳ್ಳದ್ದು ಸರಿಯಾಗಿ ಬಂದಿಲ್ಲ. ಆದ್ರೆ ಇದರ ಪ್ರಕಾರ ಈಗಲೇ ನಾಲ್ಕೂ ಗೇಟು ಎತ್ಬೇಕು" ಎಂದೆ. "ಎತ್ತಲಾ?" ಎಂದರು. "ಎತ್ತಿ" ಎಂದೆ. ಅಷ್ಟೇ ಮಾತು.

ಸೈರನ್ ಇಲ್ಲಿಗೂ ಕೇಳಿಸಿತು. ಬೀದಿಯವರೆಲ್ಲ ಶಾಲೆಯ ಮಹಡಿಗೆ ಹೋದರು, ಒಬ್ಬರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಜನ ಕೊಟ್ಟು ಹೋಗಿದ್ದ ಗಡಿಯಾರಗಳ ಪೆಟ್ಟಿಗೆಯನ್ನು ಮೇಲೆ ಸಾಗಿಸಲು ಹೋಗಿ, ನೀರು ನುಗ್ಗಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಗಾಬರಿಯಾಗಬೇಡಿ, ಆಪರೇಷನ್ ಆಗಿದೆ, ಮಾತಾಡುತ್ತಿದ್ದಾರೆ. ನಿಮಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ.

ಅಲ್ಲಿ ನೀರು ಮನೆಗಳಿಗೆ ನುಗ್ಗುತ್ತಿದ್ದಾಗ ನಾವು ಇಲ್ಲಿ ಯಂತ್ರಗಳ ಮುಂದೆ ಕೂತಿದ್ದೆವು. ಮುಂದಿನ ತೀರ್ಮಾನಕ್ಕಾದರೂ ಸರಿಯಾದ ಲೆಕ್ಕ ಬೇಕಿತ್ತಲ್ಲ. ಎಲ್ಲವನ್ನೂ ಒಟ್ಟಿಗೆ ಓಡಿಸುವುದನ್ನು ಬಿಟ್ಟು ಬರೀ ಎರಡು ಯಂತ್ರ ಹಿಡಿದೆ. ಮಾತಾಡಿದವು. ಇನ್ನೆರಡು ಸೇರಿಸಿದೆ, ಮಾತಾಡಿದವು. ಹೀಗೇ ಸೇರಿಸುತ್ತಾ ಹೋಗಿ ಎರಡನೇ ಕಪಾಟಿನ ಮೊದಲ ಯಂತ್ರವನ್ನು ಸೇರಿಸಿದ ಕೂಡಲೇ ಎಲ್ಲ ಸ್ತಬ್ಧ. ಸರಿ, ಕಾಯಿಲೆ ಎಲ್ಲಿದೆ ಎಂದಾದರೂ ಗೊತ್ತಾಯಿತು. ಆಮೇಲೆ, ಲೆಕ್ಕ ಶುರುವಾಗುವಾಗ ಪ್ರತಿಯೊಂದು ಯಂತ್ರವೂ "ನನಗೆ ಹೇಳುವುದಿದ್ದರೆ ಈ ವಿಳಾಸಕ್ಕೆ ಹೇಳಿ" ಎಂದು ಉಳಿದವಕ್ಕೆ ತಿಳಿಸುತ್ತದಲ್ಲ, ಆ ವಿಳಾಸಗಳನ್ನೆಲ್ಲ ಪರದೆಗೆ ತರಿಸಿ ಒಂದೊಂದಾಗಿ ಓದಿದೆ. ಎರಡನೇ ಕಪಾಟಿನವು ಕೊಡುತ್ತಿದ್ದ ವಿಳಾಸ ನಾನು ಎಂದೂ ಕಂಡಿರದ್ದು.

"ಇದು ಯಾವುದು?" ಎಂದು ಆಯ್ತಪ್ಪನನ್ನು ಕೇಳಿದೆ. ಅವನ ಬಾಯಿಂದ ಆಯ್ತು ಬರಲಿಲ್ಲ. "ಮೇಡಂ, ಅದು ಗುತ್ತಿಗೆಯವರ ಲೈನು" ಎಂದ. ಕಳೆದ ತಿಂಗಳು ದುರಸ್ತಿಯ ಗುತ್ತಿಗೆಯವರು ಬಂದು, ದೂರದಿಂದಲೇ ನೋಡಿಕೊಳ್ಳಲು ಅನುಕೂಲವಾಗಲಿ ಎಂದು ಆ ಕಪಾಟಿನ ಯಂತ್ರಗಳಿಗೆಲ್ಲ ಬೇರೆ ಲೈನಿನ ಇನ್ನೊಂದು ನೆಟ್‌ವರ್ಕ್ ಕಾರ್ಡು ಹಾಕಿ ಹೋಗಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಈ ಮಳೆಗಾಲದಲ್ಲಿ ಅಲ್ಲಿಯವರೆಗೆ ಜೋರು ಮಳೆಯಿಲ್ಲದೆ, ಸಣ್ಣ ಲೆಕ್ಕವೆಲ್ಲ ಮೊದಲನೇ ಕಪಾಟಿನಲ್ಲೇ ಮುಗಿಯುತ್ತಿದ್ದುದರಿಂದ ನಾನೂ ಆ ಕಡೆ ತಲೆ ಹಾಕಿರಲಿಲ್ಲ. ಆ ಯಂತ್ರಗಳು ಹೊಸ ಲೈನಿನ ವಿಳಾಸ ಕೊಟ್ಟು ಕೂತಿವೆ, ಮೊದಲನೇ ಕಪಾಟಿನಿಂದ ಆ ಲೈನಿಗೆ ದಾರಿಯೇ ಇಲ್ಲ. ಹೆಸರು ಹಿಡಿದು ಕೂಗಿದಾಗ ಮಾತ್ರ ಹಳೇ ದಾರಿಯಲ್ಲೇ ಹೋಗುತ್ತಿತ್ತು, ಅದಕ್ಕೇ ಓಗೊಡುತ್ತಿದ್ದದ್ದು. ಹಳೇ ಕಾರ್ಡಿನಲ್ಲೇ ಮಾತಾಡಿ ಎಂದು ಒಂದೇ ಒಂದು ಸಾಲು ಬರೆದೆ. ಲೆಕ್ಕ ಏನೂ ಆಗಿಯೇ ಇಲ್ಲವೆಂಬಂತೆ ಓಡಿತು. ಆಯ್ತಪ್ಪ ನೆಲದ ಮೇಲೆ ಕೂತು ಅತ್ತುಬಿಟ್ಟ. ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಯಾಕೆಂದರೆ ಉತ್ತರ ಬಂತು. ಹಳ್ಳದ ನೀರು ಇಳಿಯುವವರೆಗೆ ಎರಡೇ ಗೇಟು ಎತ್ತಿದ್ದರೆ ಸಾಕಿತ್ತು, ಕಟ್ಟೆಗೆ ಏನೂ ಆಗುತ್ತಿರಲಿಲ್ಲ, ನೀರು ನಮ್ಮ ರಸ್ತೆಯವರೆಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತಿತ್ತು. ಕೂಡಲೇ ಫೋನ್ ಮಾಡಿ ಹೇಳಿದೆ. ಅವರು ಎರಡು ಗೇಟು ಇಳಿಸಿದರು. ಸಂಜೆಗೆ ಬೀದಿಯ ನೀರು ಇಳಿಯತೊಡಗಿತು.

ಅಂಕಿ ಕೊಡದೇ ಕೂತಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ ಎಂದು ಇವರು ಸಮಾಧಾನ ಹೇಳುತ್ತಾರೆ. ಅದೂ ನಿಜವೇ ಇರಬಹುದು. ಆದರೆ ನಿಮ್ಮ ಕೋಣೆಯಲ್ಲಿ ಕೆಸರು ಬಳಿಯುವಾಗ ಆ ಸಮಾಧಾನ ನನ್ನ ಹತ್ತಿರವೂ ಸುಳಿಯಲಿಲ್ಲ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಗಡಿಯಾರದವರು ನನ್ನ ಕೈ ಹಿಡಿದುಕೊಂಡು, "ನಿನ್ನ ಗಂಡ ಒಳ್ಳೇವ್ನು ಕಣಮ್ಮಾ. ಅವನಿಗೆ ಸರಿಯಾದ ಲೆಕ್ಕ ಕೊಡ್ಲಿಲ್ವಲ್ಲ, ಅವರ ಮನೆ ಹಾಳಾಗ" ಎಂದರು. ನಾನು ಕಚೇರಿಯಲ್ಲಿ ಟೈಪು ಮಾಡುತ್ತೇನೆಂದೇ ಅವರು ಇವತ್ತಿಗೂ ತಿಳಿದಿರುವುದು. ಅವರ ಮನೆ ಆಗಲೇ ಹಾಳಾಗಿದೆ ಎಂದು ಹೇಳೋಣವೆನಿಸಿತು. ಕಿತ್ತಳೆ ಸುಲಿದುಕೊಟ್ಟು ಎದ್ದು ಬಂದೆ. ಅಂದಹಾಗೆ, ನಿಮ್ಮ ಚದುರಂಗದ ಆಟ ಅರ್ಧಕ್ಕೆ ನಿಂತಿದೆಯಂತೆ, ಹಲಗೆ ತೇಲಿಹೋದರೂ ನಿಮ್ಮ ಕುದುರೆ ಎಲ್ಲಿತ್ತೆಂದು ಅವರಿಗೆ ಚೆನ್ನಾಗಿ ನೆನಪಿದೆಯಂತೆ. ಮೋಸ ಮಾಡಲು ನೋಡಬೇಡಿ ಎಂದಿದ್ದಾರೆ.

ಊಟ ತಪ್ಪಿಸಬೇಡಿ. ನಾದಿನಿಯ ಮೇಲೆ ರೇಗಬೇಡಿ, ಅವಳೂ ಒಬ್ಬಳೇ ಎಷ್ಟೆಂದು ಮಾಡುತ್ತಾಳೆ. ಮಕ್ಕಳಿಗೆ ನನ್ನ ಮುತ್ತು. ಮಂಡಿ ಬಗ್ಗಿದ ದಿನ ನನಗೇ ಮೊದಲು ಹೇಳಬೇಕು.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ತಾ. ಕ.: ಅಳಿಯಂದಿರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಇಷ್ಟು ಬರೆದೂ ಹೇಳಬೇಕಾದ್ದನ್ನೇ ಹೇಳಲಿಲ್ಲ. ನಾಳಿದ್ದು ವಿಚಾರಣೆ ಇದೆ. "ನೀರು ನೋಡಿ ನಾನೇ ಗೇಟು ಎತ್ತಿದೆ, ಲೆಕ್ಕ ಬಂದದ್ದು ಆಮೇಲೆ" ಎಂದು ನಿಮ್ಮ ಮಗ ಹೇಳಲಿದ್ದಾರೆ. ನನ್ನದು ಕಾಯಂ ನೌಕರಿ ಅಲ್ಲ, ನನ್ನನ್ನು ತೆಗೆದುಹಾಕುತ್ತಾರೆಂದು ಅವರಿಗೆ ಭಯ. ನಾವಿಬ್ಬರು ಫೋನಿನಲ್ಲಿ ಆಡಿದ ಮಾತು ಬೇರೆ ಯಾರಿಗೂ ಗೊತ್ತಿಲ್ಲ. ಆಯ್ತಪ್ಪ ಕಪಾಟಿನ ಹಿಂದೆ ಇದ್ದ, ಫ್ಯಾನಿನ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಿಲ್ಲ. ನಾನು ಬಾಯಿ ತೆರೆದರೆ "ನೀನು ಸುಮ್ನಿದ್ಬಿಡು, ಸಾಕು" ಎಂದು ಎದ್ದು ಹೋಗುತ್ತಾರೆ. ಆದರೆ ಅವರ ಸುಳ್ಳು ನಿಂತುಬಿಟ್ಟರೆ ಯಂತ್ರಗಳು ಯಾಕೆ ಸುಮ್ಮನಾದವೆಂದು ಯಾರೂ ಕೇಳುವುದಿಲ್ಲ, ಗುತ್ತಿಗೆಯವರು ಬಂದು ಇನ್ನೊಂದು ಕಪಾಟಿಗೂ ಕಾರ್ಡು ಹಾಕಿ ಹೋಗುತ್ತಾರೆ. ಮಳೆಗಾಲ ಇನ್ನೂ ಮುಗಿದಿಲ್ಲ, ಅತ್ತೆ. ನಿಮ್ಮ ಮಾತನ್ನು ನಿಮ್ಮ ಮಗ ತಳ್ಳಿಹಾಕುವುದಿಲ್ಲ. ಕಾಗದ ಕೈಸೇರಿದ ಕೂಡಲೇ ಫೋನ್ ಮಾಡಿ ಅವರನ್ನು ತಡೆಯಿರಿ. ವಿಚಾರಣೆಯಲ್ಲಿ ಮೊದಲು ಅವರನ್ನು ಕೇಳುತ್ತಾರೆ, ಆಮೇಲೆ ನನ್ನನ್ನು. ನಾನು ನಿಜವನ್ನೇ ಹೇಳುವವಳು. ಅದು ಅವರಿಗೆ ಇನ್ನೂ ಗೊತ್ತಿಲ್ಲ.