ಕೈಗೆ ಬಾಯಿಪಾಠವಾದ ಗೆರೆ

ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಹೆಂಡತಿ, ಮಕ್ಕಳು ಕ್ಷೇಮ ಅಂದುಕೊಂಡಿದ್ದೇನೆ. ನಿನ್ನ ಪತ್ರ, ಅದರೊಳಗಿನ ಕಾಗದ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಪ್ಪನ ಮನೆ ಕೊಂಡವರ ವಕೀಲರು ಒಂದು ಪುಟದಲ್ಲಿ ಸಹಿ ಬಿಟ್ಟುಹೋಗಿದೆ ಅಂದರಂತೆ. "ಹಳೇ ತಾರೀಖಿಗೆ ಅಪ್ಪನ ಸಹಿ ಇನ್ನೊಂದ್ಸಲ ಹಾಕಿಬಿಡಕ್ಕ, ನಿನಗೇನು ಹೊಸದಾ" ಅಂತ ಬರೆದಿದ್ದೀಯ. ಅದಕ್ಕೆ ಉತ್ತರ ಕೊಡುತ್ತೇನೆ.

ನಾನೀಗ ಕೌದಿ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ಕೈಹೊಲಿಗೆಯಲ್ಲ, ನಮ್ಮ ಮನೆಯಲ್ಲಿರುವಂಥ ಹಳೇ ಮಷೀನಿನಲ್ಲೇ. ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದಲ್ಲ ಸೂಜಿಯ ಕೆಳಗಿನ ಹಲ್ಲು, ಅದನ್ನು ಇಳಿಸಿಬಿಡಬೇಕು. ಆಮೇಲೆ ಮಷೀನು ಸೂಜಿ ಕುಟ್ಟುತ್ತದೆ ಅಷ್ಟೆ. ಬಟ್ಟೆ ಎತ್ತ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿ. ಬಳ್ಳಿ, ಅಲೆ, ಏನು ಬೇಕಾದರೂ ಬರೆಯಬಹುದು. ಹೇಳಿದಷ್ಟು ಸುಲಭವಿಲ್ಲ. ಕೈ ನಿಧಾನವಾದರೆ ನೂಲು ಗಂಟು ಕಟ್ಟುತ್ತದೆ, ಜೋರಾದರೆ ಹೊದ್ದಾಗ ಕಾಲುಗುರು ಸಿಕ್ಕಿಕೊಳ್ಳುವಷ್ಟು ಉದ್ದದ ಹೊಲಿಗೆ. ಬಟ್ಟೆ ಜಾರದಿರಲಿ ಅಂತ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಕೂರುತ್ತೇನೆ. ನೋಡಿದರೆ ನೀನು ನಗುತ್ತೀಯ.

ಕಲಿಸುವವಳು ಪಕ್ಕದ ಬೀದಿಯ ಟೇಲರಮ್ಮ, ಅವಳ ಅಂಗಡಿಯಲ್ಲಿ ನಾವು ನಾಲ್ಕೈದು ಹೆಂಗಸರು ಕೂರುತ್ತೇವೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಎರಡು ವಾರ ನನ್ನ ಬಳ್ಳಿ ನೋಡಿ ನೋಡಿ, "ಆಂಟಿ, ಇದು ಬಳ್ಳಿನೋ, ಎರೆಹುಳ ಒದ್ದಾಡ್ತಿರೋದೋ?" ಅಂದಳು. ಹೋದ ಮಂಗಳವಾರ ಹತ್ತಿರ ಬಂದು, "ಚಿತ್ರ ಬಿಡಿ. ಕೈಗೆ ಬಾಯಿಪಾಠ ಆಗಿರೋದು ಏನಾದ್ರೂ ಬರೀರಿ. ಯೋಚನೆ ಮಾಡ್ಬೇಡಿ, ಕೈನ ಅದರ ಪಾಡಿಗೆ ಬಿಡಿ" ಅಂದಳು.

ಬಿಟ್ಟೆ. ಒಂದೂ ಗಂಟಿಲ್ಲದೆ, ಒಂದೇ ಅಳತೆಯ ಹೊಲಿಗೆಯಲ್ಲಿ ಅಪ್ಪನ ಸಹಿ ಮೂಡಿತು, ಕೊನೆಯ ಕೊಂಡಿ, ಕೆಳಗಿನ ಎರಡು ಚುಕ್ಕೆ ಸಮೇತ. ಟೇಲರಮ್ಮ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರೇ, ಕೈ ಅಂದ್ರೆ ಇದು. ಯಾರ ಹೆಸರು ಆಂಟಿ, ಹಳೇ ಲವ್ವರ್ದಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಿಚ್ಚಲು ಕೂತರೆ ಬಟ್ಟೆಯೇ ಹರಿಯಿತು.

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ ಆರು ವರ್ಷ ಬ್ಯಾಂಕಿನ ಪೆನ್ಷನ್ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಪ್ರತಿ ಸಲ ಅವರಿಗೆ ತೋರಿಸುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ತೋರಿಸದೆ ಹಾಕಿದ್ದು ಒಂದೇ ಸಲ, ನೀನು ಮನೆ ಮಾರುವ ಕಾಗದ ತಂದ ದಿನ. "ಅಪ್ಪಂಗೆ ಹೇಳಿದೀನಿ, ಒಪ್ಪಿದಾರೆ" ಅಂತ ನೀನು ಅಂದೆ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ ಕೇಳಲು ಹತ್ತು ಹೆಜ್ಜೆ. ನಾನು ಹೋಗಲಿಲ್ಲ. ನೀನು ಮೋಸ ಮಾಡಿದೆ ಅಂತ ಹೇಳಿ ನಾನು ಕೈತೊಳೆದುಕೊಳ್ಳುವ ಹಾಗಿಲ್ಲ.

ನಿನ್ನ ಕಾಗದವನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ವಿಷಯ ಕೋರ್ಟಿಗೆ ಹೋದರೆ, ಹಿಂದಿನ ಸಹಿಗಳು ಯಾರವು ಅಂತ ನಾನೇ ಹೇಳುತ್ತೇನೆ. ನಿನಗೇನಾಗುತ್ತದೋ ನನಗೂ ಅದೇ ಆಗಲಿ.

ಮಕ್ಕಳು ಚೆನ್ನಾಗಿ ಓದಲಿ, ಆರೋಗ್ಯವಾಗಿರಲಿ. ನಿನಗೆ ಕೆಟ್ಟದಾಗಲಿ ಅನ್ನಲು ಬಾಯಿ ಬರುವುದಿಲ್ಲ. ಅಷ್ಟನ್ನೇ ಆಶೀರ್ವಾದ ಅಂದುಕೋ.

ಇಂತಿ,
ನಿನ್ನ ಅಕ್ಕ

ತಾ.ಕ.: ಇದೊಂದನ್ನು ನಿನಗೆ ಹೇಳಿರಲಿಲ್ಲ. ಅಪ್ಪ ಹೋದ ಮೇಲೆ ಹಾಸಿಗೆ ಎತ್ತಿದಾಗ ಕೆಳಗೆ ಹಳೇ ನ್ಯೂಸ್ ಪೇಪರುಗಳ ಕಟ್ಟು ಸಿಕ್ಕಿತು. ಪ್ರತಿಯೊಂದರ ಅಂಚಿನಲ್ಲೂ ಎಡಗೈಯಲ್ಲಿ ತಮ್ಮ ಸಹಿ ಹಾಕಿ ಹಾಕಿ ಅಭ್ಯಾಸ ಮಾಡಿದ್ದಾರೆ. ಮೊದಲ ಪೇಪರು ನೀನು ಆ ಕಾಗದ ತೆಗೆದುಕೊಂಡು ಹೋದ ಮರುದಿನದ್ದು, ಕೊನೆಯದು ಅವರು ಸಾಯುವ ಎರಡು ದಿನ ಮುಂಚಿನದು. ಎಲ್ಲವನ್ನೂ ನೋಡಿದೆ. ಬ್ಯಾಂಕಿನವರು ಒಪ್ಪುವಂಥದ್ದು ಒಂದೂ ಇಲ್ಲ.